ಕೊಂದವರು ಯಾರು: ಒಂದು ವಾಕ್ಯದ ತಿದ್ದುಪಡಿ

(ಪ್ರಬಂಧ ಬರವಣಿಗೆಯ ಕುರಿತ ಉಪನ್ಯಾಸದ ಪಠ್ಯ)



ಪ್ರಬಂಧವೊಂದರ ಕರಡಿನಲ್ಲಿ ಹೀಗೊಂದು ವಾಕ್ಯವಿದೆಯೆಂದು ಭಾವಿಸಿ: ‘2000ನೇ ಇಸವಿಯ ಮಾರ್ಚ್ 11ರಂದು ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರು ಸಜೀವ ದಹನವಾದರು.’ ದಿನಾಂಕ ಸರಿ, ಊರು ಸರಿ, ಸಂಖ್ಯೆ ಸರಿ. ಚಿಂತಾಮಣಿ ತಾಲ್ಲೂಕು ಅಂದು ಕೋಲಾರ ಜಿಲ್ಲೆಯಲ್ಲೇ ಇತ್ತು, ಆದ್ದರಿಂದ ಜಿಲ್ಲೆಯೂ ಸರಿ. ವ್ಯಾಕರಣದೋಷವಂತೂ ಇಲ್ಲ. ಆದರೂ ಓದುವವರ ಕೈಯಿಂದ ಏನೋ ಜಾರಿಹೋಗಿರುತ್ತದೆ.

ಜಾರಿದ್ದು ಕ್ರಿಯಾಪದದಲ್ಲಿ. ‘ಆಗು’ ಎಂಬ ಧಾತು ಬೆಳಗಿಗೂ ಮಳೆಗೂ ಸಲ್ಲುವಂಥದ್ದು. ಬೆಳಗಾಯಿತು, ಮಳೆಯಾಯಿತು, ದಹನವಾಯಿತು. ಹೆದ್ದಾರಿಯಲ್ಲಿ ಬಸ್ಸಿಗೆ ಬೆಂಕಿ ತಗುಲಿ ಪ್ರಯಾಣಿಕರು ಸತ್ತಾಗಲೂ ಪತ್ರಿಕೆಗಳು ಬರೆಯುವುದು ‘ಸಜೀವ ದಹನ’ ಎಂದೇ. ಅಪಘಾತಕ್ಕೆ ಒಪ್ಪುವ ಪದವನ್ನು ಹತ್ಯೆಗೂ ಹೊದಿಸಿದರೆ ಎರಡರ ನಡುವಣ ಗೆರೆ ಅಳಿಸುತ್ತದೆ. ಮೇಲಾಗಿ ‘ದಹನ’ಕ್ಕೆ ಸಂಸ್ಕಾರದ ಗಾಂಭೀರ್ಯವೊಂದಿದೆ: ಶವದಹನ, ಕಾಮದಹನ. ಮನೆಯೊಳಗೆ ಜನರನ್ನು ಕೂಡಿಹಾಕಿ ಬೆಂಕಿಯಿಟ್ಟ ಕೃತ್ಯಕ್ಕೆ ಅಂಥ ಗಾಂಭೀರ್ಯ ಏಕೆ ಬೇಕು?

ಹೊರದೇಶದಲ್ಲಿದ್ದು ಕನ್ನಡದಲ್ಲಿ ಬರೆಯುವವರಿಗೆ ಥಟ್ಟನೆ ಒದಗುವ ರೂಪ ಇನ್ನೊಂದಿದೆ: ‘ಕೊಲ್ಲಲ್ಪಟ್ಟರು.’ ದಿನವಿಡೀ ಇಂಗ್ಲಿಷಿನಲ್ಲಿ ವರದಿ ಬರೆದ ಕೈ ಸಂಜೆ ಕನ್ನಡಕ್ಕೆ ತಿರುಗಿದಾಗ ಕರ್ಮಣಿ ಪ್ರಯೋಗವನ್ನೂ ಜೊತೆಗೇ ತರುತ್ತದೆ. ‘ಪಡು’ ಹಳಗನ್ನಡದಲ್ಲೂ ಇದ್ದದ್ದೇ, ಅದನ್ನು ಪರಕೀಯವೆಂದು ತಳ್ಳುವಂತಿಲ್ಲ. ಆದರೆ ಸಾವಿನ ಮನೆಯ ಜಗಲಿಯಲ್ಲಿ ಕುಳಿತವರು ಯಾರೂ ‘ಕೊಲ್ಲಲ್ಪಟ್ಟ’ ಎನ್ನುವುದಿಲ್ಲ. ‘ಸುಡಲಾಯಿತು’ ಎಂಬುದು ಇನ್ನೂ ಕೆಟ್ಟದ್ದು. ಅದು ‘ಆದೇಶಿಸಲಾಗಿದೆ’, ‘ಕ್ರಮ ಕೈಗೊಳ್ಳಲಾಗುವುದು’ ಎಂಬ ಸುತ್ತೋಲೆಗಳ ಬಂಧು.

ಹಾಗಾದರೆ ಮಾಡಿದವರನ್ನು ಹೆಸರಿಸಿಬಿಟ್ಟರಾಯಿತಲ್ಲ ಎನ್ನಬಹುದು. ಕಷ್ಟವಿರುವುದು ಅಲ್ಲಿಯೇ. ಸಾಕ್ಷಿಗಳು ಪ್ರತಿಕೂಲವಾಗಿ ನುಡಿದರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಖುಲಾಸೆಗೊಳಿಸಿತು. 2014ರಲ್ಲಿ ಹೈಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ವ್ಯಕ್ತಿಗಳ ಹೆಸರನ್ನು ಕರ್ತೃಸ್ಥಾನದಲ್ಲಿ ಕೂರಿಸುವ ಅಧಿಕಾರ ಪ್ರಬಂಧಕಾರರಿಗಿಲ್ಲ, ಆಕ್ರೋಶ ಎಷ್ಟೇ ನ್ಯಾಯವಾಗಿದ್ದರೂ. ‘ಸವರ್ಣೀಯರು’ ಎಂದು ಬರೆದರೆ ಒಂದು ಊರೇ ಬಂದು ನಿಂತಂತಾಗುತ್ತದೆ. ‘ಸವರ್ಣೀಯರ ಗುಂಪು’ ಎಂಬುದು ಹೆಚ್ಚು ನಿಖರ, ಆರೋಪವಿದ್ದದ್ದು ಅಂಥ ಗುಂಪಿನ ಮೇಲೆಯೇ. ಅದಕ್ಕೂ ‘ಆರೋಪ’ ಎಂಬ ಪದವನ್ನು ಸೇರಿಸಲೇಬೇಕು. ಸೇರಿಸಿದೊಡನೆ ಕೊಲೆಯೇ ಬರಿಯ ಆರೋಪವೋ ಎಂಬ ಸಂಶಯ ಹುಟ್ಟುತ್ತದೆ. ಕೊಲೆ ಆರೋಪವಲ್ಲ, ಸತ್ಯ.

ಈ ಇಕ್ಕಟ್ಟಿನಲ್ಲಿ ಇಂಗ್ಲಿಷಿಗಿಲ್ಲದ ಅನುಕೂಲವೊಂದು ಕನ್ನಡಕ್ಕಿದೆ. ಕನ್ನಡದ ವಾಕ್ಯ ಕರ್ತೃಪದವಿಲ್ಲದೆಯೂ ನಿಲ್ಲುತ್ತದೆ. ‘ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿ, ಬೆಂಕಿ ಹಚ್ಚಿ ಕೊಂದರು.’ ಕೊಂದವರ ಹೆಸರು ಇಲ್ಲಿಲ್ಲ. ಆದರೆ ‘ಕೊಂದರು’ ಎಂಬುದರ ಕೊನೆಯ ಪ್ರತ್ಯಯ, ಕೊಂದದ್ದು ಮನುಷ್ಯರು, ಒಬ್ಬರಲ್ಲ, ಹಲವರು ಎಂದು ಸಾರುತ್ತದೆ. ಕರಡಿನಲ್ಲಿ ಪ್ರಥಮಾ ವಿಭಕ್ತಿಯಲ್ಲಿದ್ದು, ತಾವೇ ಏನೋ ಆದಂತೆ ಕಾಣುತ್ತಿದ್ದ ‘ದಲಿತರು’ ಈಗ ದ್ವಿತೀಯೆಗೆ ಬಂದು ‘ದಲಿತರನ್ನು’ ಆಗಿದ್ದಾರೆ. ಅವರ ಮೇಲೆ ಯಾರೋ ಏನನ್ನೋ ಮಾಡಿದರೆಂಬುದು ಒಂದು ವಿಭಕ್ತಿ ಪ್ರತ್ಯಯದಿಂದ ತಿಳಿಯುತ್ತದೆ. ಕರ್ತೃಸ್ಥಾನ ಖಾಲಿ ಉಳಿದಿದೆ. ನ್ಯಾಯಾಂಗದ ದಾಖಲೆಯಲ್ಲೂ ಅದು ಖಾಲಿಯೇ.

ಅದೇ ಕರಡಿನ ಮುಂದಿನ ವಾಕ್ಯ: ‘ನಂತರ ಆರೋಪಿಗಳು ಖುಲಾಸೆಯಾದರು.’ ಮತ್ತೆ ಅದೇ ‘ಆಗು’. ಖುಲಾಸೆಯೂ ಮಳೆಯಂತೆ ಬಂದುದಲ್ಲ. ಖುಲಾಸೆಗೊಳಿಸಿದ್ದು ನ್ಯಾಯಾಲಯ. ಆರೋಪವನ್ನು ರುಜುವಾತುಪಡಿಸಲು ಸೋತದ್ದು ಸರ್ಕಾರದ ಪರ ವಾದಿಸಿದ ಪ್ರಾಸಿಕ್ಯೂಷನ್. ಈ ವಾಕ್ಯದ ಕರ್ತೃಗಳಿಗೆ ಹೆಸರಿದೆ, ಇಸವಿಯಿದೆ, ದಾಖಲೆಯಿದೆ. ಇಲ್ಲಿ ಆ ಜಾಗವನ್ನು ಖಾಲಿ ಬಿಡಲು ಯಾವ ಕಾರಣವೂ ಇಲ್ಲ.