ಬೆರಳು ಉಳಿಸುವ ಮದ್ದು

ತಂಬಾಕು ಎಂಬುದು ಪೋರ್ಚುಗೀಸರೊಡನೆ ಬಂದ ಮಾತು. ಹೊಗೆಸೊಪ್ಪು ಎಂಬುದು ನಾವು ಕಟ್ಟಿಕೊಂಡ ಹೆಸರು. ನಿಪ್ಪಾಣಿಯ ಪೇಟೆಗೆ ಹೋಗಿಬಂದ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದವರಿಗೆ ಅದರ ಘಾಟನ್ನು ನಾನು ವರ್ಣಿಸಬೇಕಾಗಿಲ್ಲ. ಎಷ್ಟೋ ಮನೆಗಳ ಒಲೆ ಉರಿಯುವುದು ಆ ಬೆಳೆಯಿಂದ, ಬೀಡಿ ಕಟ್ಟುವ ಕೂಲಿಯಿಂದ. ಆದುದರಿಂದ ಅದನ್ನು ಬೈಯುವುದು ಸುಲಭವಲ್ಲ.

ನನ್ನ ಪರಿಚಯದ ಗೃಹಸ್ಥರೊಬ್ಬರು ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದರು. ವಯಸ್ಸು ನಾಲ್ವತ್ತು ದಾಟಿರಲಿಲ್ಲ. ಮೊದಲು ಬೆರಳುಗಳು ತಣ್ಣಗಾದವು, ಬಳಿಕ ನೀಲಿಗಟ್ಟಿದವು. ಚಳಿಯಿರಬೇಕೆಂದು ಒಲೆಯ ಮುಂದೆ ಕೈ ಕಾಸಿಕೊಂಡರು. ರಾತ್ರಿಯೆಲ್ಲ ನೋವು, ಅದನ್ನು ಮರೆಯಲು ಮತ್ತೊಂದು ಬೀಡಿ! ಕೊನೆಗೆ ಬಲಗೈಯ ಎರಡು ಬೆರಳುಗಳು ಕಪ್ಪಾಗಿ, ಕತ್ತರಿಸಬೇಕಾಯಿತು. ಮಗಳ ಮದುವೆಯಲ್ಲಿ ಅವರು ಅಕ್ಷತೆಯನ್ನು ಬೊಗಸೆಯಿಂದ ಚೆಲ್ಲಿದರು. ಚಿಟಿಕೆ ಹಿಡಿಯಲು ಬೆರಳಿರಲಿಲ್ಲ.

ಇದಕ್ಕೆ ಬರ್ಗರನ ರೋಗವೆಂದು ಹೆಸರು. 1879ರಲ್ಲಿ ವಿನಿವಾರ್ಟರ್ ಎಂಬ ವೈದ್ಯ ಇದನ್ನು ಕಂಡು ಬರೆದನು. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್, ಕತ್ತರಿಸಿದ ಅವಯವಗಳನ್ನು ಪರೀಕ್ಷಿಸಿ ವಿವರಿಸಿದನು. ಕೈಕಾಲುಗಳ ಸಣ್ಣ ಹಾಗೂ ಮಧ್ಯಮ ರಕ್ತನಾಳಗಳಲ್ಲಿ ಉರಿಯೂತವೆದ್ದು, ರಕ್ತ ಹೆಪ್ಪುಗಟ್ಟಿ, ದಾರಿ ಮುಚ್ಚುತ್ತದೆ. ಕಾಲುವೆ ಕಟ್ಟಿದರೆ ತುದಿಯ ಹೊಲವೇ ಮೊದಲು ಒಣಗುವುದಲ್ಲವೆ?

ರಕ್ತನಾಳವನ್ನು ಹಿಗ್ಗಿಸುವ ಪದಾರ್ಥವೊಂದನ್ನು ನಾಳದ ಗೋಡೆಯೇ ತಯಾರಿಸುತ್ತದೆ. ಪ್ರೋಸ್ಟಾಸೈಕ್ಲಿನ್ ಎಂಬ ಆ ಪದಾರ್ಥವನ್ನು 1976ರಲ್ಲಿ ಜಾನ್ ವೇನ್, ಸಾಲ್ವಡಾರ್ ಮೊಂಕಾಡಾ ಮತ್ತು ಸಂಗಡಿಗರು ಬೆಳಕಿಗೆ ತಂದರು. ಅದರ ಮಾದರಿಯಲ್ಲಿ ಕೃತಕವಾಗಿ ಮಾಡಿದ ಮದ್ದು ಐಲೋಪ್ರೋಸ್ಟ್. 1990ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಕೆಲವರಿಗೆ ಇದನ್ನು ದಿನಕ್ಕೆ ಆರು ಗಂಟೆಯಂತೆ ಸುಮಾರು ನಾಲ್ಕು ವಾರ ರಕ್ತನಾಳದ ಮೂಲಕ ಹನಿಸಿದರು. ಉಳಿದವರಿಗೆ ಆಸ್ಪಿರಿನ್ ಕೊಟ್ಟರು. ಮೊದಲಿನವರಲ್ಲಿ ಶೇಕಡ 85 ಮಂದಿಗೆ ಹುಣ್ಣು ಮಾಯಿತು ಇಲ್ಲವೆ ನೋವು ತಗ್ಗಿತು. ಆಸ್ಪಿರಿನ್ನಿನವರಲ್ಲಿ ಶೇಕಡ 17 ಮಂದಿಗೆ ಮಾತ್ರ.

ಇದನ್ನು ಹೇಳಿದಾಗ ಆ ಗೃಹಸ್ಥರು, “ಮಾಸ್ತರ, ಮದ್ದು ಬಂದದಲ್ಲ, ಇನ್ನ ಬೀಡಿ ಯಾಕ ಬಿಡಬೇಕು?” ಎಂದು ಕೇಳಿದರು. ನಗು ಬಂದಿತು, ಸಿಟ್ಟೂ ಬಂದಿತು. ಮದ್ದು ತೆರೆದಿರುವ ನಾಳವನ್ನು ಹಿಗ್ಗಿಸೀತು. ಸೇದುವುದು ಮುಂದುವರಿದರೆ ರೋಗವೂ ಮುಂದುವರಿಯುತ್ತದೆ. ಬೀಡಿ ಬಿಟ್ಟು ಅಗಿಯುವ ತಂಬಾಕಿಗೆ ತಿರುಗಿದರೂ ಪಾರಿಲ್ಲ. ಬೆರಳು ಕೊಳೆಯುವ ಮೊದಲೇ ಪೂರ್ತಿ ತ್ಯಜಿಸಿದವರಲ್ಲಿ ಬಹುಮಂದಿಗೆ ಕತ್ತರಿಸುವ ಪ್ರಸಂಗವೇ ಬರುವುದಿಲ್ಲ.

ಆ ಗೃಹಸ್ಥರು ಬೀಡಿ ಬಿಡಲು ಆರು ತಿಂಗಳು ಹೆಣಗಾಡಿದರು. ಉಳಿದ ಎಂಟು ಬೆರಳುಗಳೂ ಅವರ ಕೈಯಲ್ಲಿವೆ.