ಹೊಗೆ, ಧೂಳು ಮತ್ತು ಮಳೆಯ ಮೋಡ

ಹಿಂಡಲಗಾದ ಗದ್ದೆಯ ಬದುವಿನ ಮೇಲೆ ನಿಂತು ಜೂನ್ ತಿಂಗಳಲ್ಲಿ ಪಡುವಣ ದಿಕ್ಕಿಗೆ ನೋಡಿದವರಿಗೆ ನಾನು ಹೆಚ್ಚು ಹೇಳಬೇಕಾದ್ದಿಲ್ಲ. ವೆಂಗುರ್ಲಾ ರಸ್ತೆಯ ಕಡೆಯಿಂದ ಕರಿಮೋಡ ಏರಿ ಬಂತೆಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಮುಖ ಮೇಲೆತ್ತುತ್ತೇವೆ. “ಬಂತು ನೋಡ್ರಿ ಮಳಿ” ಅನ್ನುತ್ತೇವೆ. ಆದರೆ ಆ ಮೋಡ ಯಾತರದ್ದು? ನೀರಿನದು ಎಂದು ಮಕ್ಕಳೂ ಹೇಳಿಯಾರು. ಅದು ಅರ್ಧ ಉತ್ತರ. ಮೋಡದ ಒಂದೊಂದು ಹನಿಯೂ ಹುಟ್ಟುವುದು ಕಣ್ಣಿಗೆ ಕಾಣದ ಒಂದು ಕಣದ ಮೇಲೆ. ಅದು ಉಪ್ಪಿನ ಕಣವಿರಬಹುದು, ಮಣ್ಣಿನ ಧೂಳಿರಬಹುದು, ನಾವೇ ಬಿಟ್ಟ ಹೊಗೆಯೂ ಇರಬಹುದು. ಈ ಕಣಗಳು ಮಳೆಗೆ, ಬಿಸಿಲಿಗೆ ಮತ್ತು ನಮ್ಮ ಉಸಿರಿಗೆ ಏನು ಮಾಡುತ್ತವೆ ಎಂಬುದನ್ನು ಇಂದು ನೋಡೋಣ.

ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಮೇಲೆ ಹನಿ ಕೂಡುವುದನ್ನು ನೀವು ಕಂಡಿದ್ದೀರಿ. ಆ ನೀರು ತಂಬಿಗೆಯಿಂದ ಸೋರಿದ್ದಲ್ಲ, ಗಾಳಿಯಲ್ಲಿದ್ದ ಆವಿ. ತಣ್ಣಗಿನ ಮೈ ಸಿಕ್ಕಿತು, ಹನಿಯಾಗಿ ಕೂತಿತು. ಆಕಾಶದಲ್ಲಿ ತಂಬಿಗೆ ಎಲ್ಲಿಂದ ಬರಬೇಕು? ಅಲ್ಲಿ ಆ ಕೆಲಸ ಮಾಡುವುದು ಈ ಕಣಗಳು.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ತಿಳಿಯಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ನಾಲ್ಕು ಚಮಚ ಬೆಚ್ಚನೆಯ ನೀರು ಹಾಕಿ ಬಿರಡೆ ಬಿಗಿಯಿರಿ. ಬಾಟಲಿಯನ್ನು ಗಟ್ಟಿಯಾಗಿ ಹಿಚುಕಿ ಥಟ್ಟನೆ ಬಿಡಿರಿ. ಒಳಗೆ ಹೆಚ್ಚೇನೂ ಕಾಣುವುದಿಲ್ಲ. ಈಗ ಬಿರಡೆ ತೆಗೆದು, ಆಗ ತಾನೆ ಆರಿಸಿದ ಕಡ್ಡಿಯ ಹೊಗೆಯನ್ನು ಒಳಗೆ ಬಿಟ್ಟು, ಮತ್ತೆ ಮುಚ್ಚಿ ಹಿಚುಕಿ ಬಿಡಿರಿ. ಬಾಟಲಿಯೊಳಗೆ ಬಿಳಿ ಮಂಜು ಕವಿಯುತ್ತದೆ. ಅದೇ ಮೋಡ! ಕೈ ಸಡಿಲಿಸಿದಾಗ ಒಳಗಿನ ಗಾಳಿ ಹಿಗ್ಗಿ ತಣ್ಣಗಾಯಿತು, ಆವಿಗೆ ಕೂಡಲು ಹೊಗೆಯ ಕಣ ಸಿಕ್ಕಿತು. 1880ರ ಸುಮಾರಿಗೆ ಸ್ಕಾಟ್ಲೆಂಡಿನ ಜಾನ್ ಏಟ್ಕನ್ ಎಂಬ ವಿಜ್ಞಾನಿ ಇಂಥ ಪ್ರಯೋಗಗಳನ್ನು ಮಾಡಿಯೇ, ಧೂಳಿಲ್ಲದಿದ್ದರೆ ಮಂಜೂ ಇಲ್ಲ, ಮೋಡವೂ ಇಲ್ಲ ಎಂದು ತೋರಿಸಿದ.

ನಮ್ಮ ಕಡೆಗೆ ಬರುವ ಮುಂಗಾರು ಗಾಳಿ ಅರಬ್ಬೀ ಸಮುದ್ರದ ಅಲೆಗಳ ಮೇಲಿನಿಂದ ಬರುತ್ತದೆ. ಅಲೆ ಒಡೆದಾಗ ಹಾರಿದ ತುಂತುರು ಆರಿ, ಉಪ್ಪಿನ ಸಣ್ಣ ಕಣವಾಗಿ ಗಾಳಿಯಲ್ಲಿ ಉಳಿಯುತ್ತದೆ. ಆ ಗಾಳಿ ಸಹ್ಯಾದ್ರಿಯನ್ನು ಏರುತ್ತ ತಣ್ಣಗಾಗುತ್ತದೆ. ಉಪ್ಪು ನೀರನ್ನು ಎಳೆದುಕೊಳ್ಳುತ್ತದೆಂಬುದು ಮಳೆಗಾಲದಲ್ಲಿ ಒದ್ದೆಯಾಗುವ ಉಪ್ಪಿನ ಭರಣಿಯನ್ನು ಕಂಡ ತಾಯಂದಿರಿಗೆ ಗೊತ್ತೇ ಇದೆ. ಹೀಗೆ ಉಪ್ಪಿನ ಮೇಲೆ ಹನಿ ಕೂಡಿ, ಹನಿಗೆ ಹನಿ ಸೇರಿ ಮಳೆ ಇಳಿಯುತ್ತದೆ. ಘಟ್ಟದ ನೆತ್ತಿಯಲ್ಲೇ ಬಹುಪಾಲು ಸುರಿದುಬಿಡುತ್ತದೆ. ಅದಕ್ಕೇ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಯ್ದಷ್ಟು ಮಳೆ ಹಿಂಡಲಗಾಕ್ಕಿಲ್ಲ, ಹಿಂಡಲಗಾಕ್ಕೆ ಬಂದಷ್ಟು ಸವದತ್ತಿಗಿಲ್ಲ.

ಹಾಗಾದರೆ ಹೊಗೆ ಹೆಚ್ಚಾದಷ್ಟೂ ಮಳೆ ಹೆಚ್ಚಲ್ಲವೇ ಎಂದು ಯಾರಾದರೂ ಕೇಳಬಹುದು. ಇಲ್ಲಿಯೇ ತೊಡಕಿದೆ ನೋಡಿರಿ. ಭತ್ತದ ಸಸಿಮಡಿಯಲ್ಲಿ ಬೀಜವನ್ನು ಅಳತೆ ಮೀರಿ ದಟ್ಟವಾಗಿ ಚೆಲ್ಲಿದರೆ ಏನಾಗುತ್ತದೆ? ಎಲ್ಲ ಮೊಳೆಯುತ್ತವೆ, ಯಾವುದೂ ದಪ್ಪವಾಗುವುದಿಲ್ಲ. ಮೋಡದಲ್ಲಿಯೂ ಹಾಗೆಯೇ. ಇರುವ ನೀರು ಅಷ್ಟೇ. ಕಣಗಳು ಲೆಕ್ಕವಿಲ್ಲದಷ್ಟು ಬಂದರೆ ಆ ನೀರನ್ನು ಹಂಚಿಕೊಂಡು ಎಲ್ಲ ಹನಿಗಳೂ ಸಣ್ಣವಾಗಿ ಉಳಿಯುತ್ತವೆ. ಮೋಡದ ಹನಿ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಐವತ್ತರಲ್ಲಿ ಒಂದು ಪಾಲಿನಷ್ಟು ಅಗಲ. ಅಂಥ ಹತ್ತು ಲಕ್ಷ ಹನಿ ಕೂಡಿದರೆ ಒಂದು ದೊಡ್ಡ ಮಳೆಹನಿ. ತೀರ ಸಣ್ಣ ಹನಿಗಳು ಒಂದಕ್ಕೊಂದು ತಾಕಿ ಕೂಡಿಕೊಳ್ಳುವುದಿಲ್ಲ. ಗಾಳಿಯಲ್ಲೇ ತೇಲಿ, ಕಡೆಗೆ ಮತ್ತೆ ಆವಿಯಾಗಿ ಹೋಗುತ್ತವೆ. ಮೋಡ ಬಂತು, ಮಳೆ ಬರಲಿಲ್ಲ.

ಆದರೂ ಒಂದು ಮಾತನ್ನು ನೆಟ್ಟಗೆ ಹೇಳಬೇಕು. ಮಳೆ ತಪ್ಪಿದ ವರ್ಷ ಎಲ್ಲ ತಪ್ಪನ್ನೂ ಹೊಗೆಯ ತಲೆಗೆ ಕಟ್ಟಬಾರದು. ಮುಂಗಾರಿನ ಬಲ ಸಮುದ್ರದ ಕಾವು, ಗಾಳಿಯ ಓಟ ಮುಂತಾದ ದೊಡ್ಡ ಸಂಗತಿಗಳನ್ನು ಅವಲಂಬಿಸಿದೆ. ಗುಡುಗು ಮಿಂಚಿನ ಎತ್ತರದ ಮೋಡಗಳಲ್ಲಿ ಇದೇ ಕಣಗಳು ಕೆಲವು ಸಲ ಮಳೆಯನ್ನು ತಡಮಾಡಿ, ಆಮೇಲೆ ಒಮ್ಮೆಲೇ ಜೋರಾಗಿ ಸುರಿಸುವುದೂ ಉಂಟು.

ಮೋಡ ಬಿತ್ತನೆಯ ವಿಚಾರ ನಿಮಗೆ ನೆನಪಿರಬೇಕು. ಕರ್ನಾಟಕ ಸರಕಾರ 2017ರಲ್ಲಿ ‘ವರ್ಷಧಾರೆ’ ಎಂಬ ಹೆಸರಿನಲ್ಲಿ ಇದನ್ನು ಮಾಡಿಸಿತು. ಬರ ಬಿದ್ದ 2023ರಲ್ಲಿ, ಸಪ್ಟೆಂಬರ್ ತಿಂಗಳ ಕಡೆಯಲ್ಲಿ, ನಮ್ಮ ಬೆಳಗಾವಿ ಜಿಲ್ಲೆಯ ಮೋಡಗಳಿಗೂ ವಿಮಾನದಿಂದ ಬಿತ್ತನೆ ನಡೆಯಿತು. ಇದರ ಗುಟ್ಟು ನಾವು ಈಗ ಹೇಳಿದ್ದೇ. ಸಣ್ಣ ಹನಿಗಳೇ ತುಂಬಿದ ಮೋಡದೊಳಗೆ ಉಪ್ಪಿನ ಜಾತಿಯ ದಪ್ಪ ಕಣಗಳನ್ನು ಬಿಟ್ಟರೆ ಕೆಲವು ಹನಿಗಳು ಬೇಗ ದಪ್ಪವಾಗಿ, ಉಳಿದವನ್ನು ಕೂಡಿಸಿಕೊಂಡು ಕೆಳಗಿಳಿಯುತ್ತವೆ. ಎತ್ತರದ ತಣ್ಣನೆಯ ಮೋಡಕ್ಕೆ ಸಿಲ್ವರ್ ಅಯೊಡೈಡ್ ಬಳಸುತ್ತಾರೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು 2018 ಮತ್ತು 2019ರಲ್ಲಿ ನಮ್ಮ ನೆರೆಯ ಸೊಲ್ಲಾಪುರದಲ್ಲಿ ಇದನ್ನು ಪರೀಕ್ಷಿಸಿ, ಬಿತ್ತನೆ ನಡೆದ ಜಾಗದಲ್ಲಿ ಸೇಕಡಾ 18ರಷ್ಟು ಹೆಚ್ಚು ಮಳೆಯಾಯಿತೆಂದು ವರದಿ ಮಾಡಿದ್ದಾರೆ. ಆದರೆ ಬಿತ್ತಲು ಹೊಲ ಬೇಕಲ್ಲವೆ? ಹಾಗೆಯೇ ಇಲ್ಲಿ ಮೊದಲು ನೀರುಂಡ ಮೋಡವಿರಬೇಕು. ಬರಿಯ ಆಕಾಶಕ್ಕೆ ಬಿತ್ತಿದರೆ ಫಲವಿಲ್ಲ.

ಇನ್ನು ಬಿಸಿಲಿನ ಮಾತು. ಗಾಳಿಯಲ್ಲಿರುವ ಬಿಳಿಯ ಕಣಗಳು ಸೂರ್ಯನ ಬೆಳಕನ್ನು ಹಿಂದಕ್ಕೆ ಎಸೆಯುತ್ತವೆ. ಕಪ್ಪು ಮಸಿ ಅದನ್ನು ಹೀರಿ ಸುತ್ತಲಿನ ಗಾಳಿಯನ್ನು ಕಾಯಿಸುತ್ತದೆ. 1991ರಲ್ಲಿ ಫಿಲಿಪ್ಪೀನ್ಸ್ ದೇಶದ ಪಿನಾಟುಬೊ ಜ್ವಾಲಾಮುಖಿ ಬಾಯಿ ತೆರೆದಾಗ, ಅದು ಉಗುಳಿದ ಗಂಧಕದ ಕಣಗಳು ಆಕಾಶದಲ್ಲಿ ಹರಡಿ, ಇಡೀ ಜಗತ್ತಿನ ಸರಾಸರಿ ಉಷ್ಣತೆ ಅರ್ಧ ಡಿಗ್ರಿಯಷ್ಟು ಇಳಿಯಿತು. 1999ರ ಚಳಿಗಾಲದಲ್ಲಿ ಹಲವು ದೇಶಗಳ ವಿಜ್ಞಾನಿಗಳು ಕೂಡಿ ಹಿಂದೂ ಮಹಾಸಾಗರದ ಮೇಲೆ ಪರೀಕ್ಷೆ ನಡೆಸಿದರು. ಅವರ ಮುಂದಾಳುಗಳಲ್ಲೊಬ್ಬರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವಿ. ರಾಮನಾಥನ್. ದಕ್ಷಿಣ ಏಷ್ಯದ ಒಲೆ, ಹೊಲ, ವಾಹನ, ಕಾರಖಾನೆಗಳ ಹೊಗೆ ಕಂದು ಬಣ್ಣದ ಮುಸುಕಾಗಿ ಸಮುದ್ರದ ಮೇಲೆ ಸುಮಾರು ಮೂರು ಕಿಲೋಮೀಟರ್ ಎತ್ತರದವರೆಗೆ ಕವಿದದ್ದನ್ನು ಅವರು ಕಂಡರು. ಬಿಸಿಲು ಕಡಿಮೆಯಾದರೆ ಸಮುದ್ರದಿಂದ ಏಳುವ ಆವಿಯೂ ಕಡಿಮೆ. ಮುಂಗಾರಿಗೆ ಅದು ಒಳ್ಳೆಯದಲ್ಲ.

“ಹೊಗೆ ಭೂಮಿಯನ್ನು ತಂಪು ಮಾಡಿದರೆ ಇರಲಿ ಬಿಡ್ರಿ” ಎನ್ನಬೇಡಿರಿ. ಈ ಕಣಗಳು ಕೆಳಗಿನ ಗಾಳಿಯಲ್ಲಿ ಉಳಿಯುವುದು ಹೆಚ್ಚೆಂದರೆ ಒಂದೆರಡು ವಾರ. ಮಳೆ ಬಂದರೆ ತೊಳೆದುಹೋಗುತ್ತವೆ. ಅದೇ ಬೆಂಕಿಯಿಂದ, ಇಂಜಿನ್ನಿನಿಂದ ಬಂದ ಇಂಗಾಲಾಮ್ಲ ಅನಿಲವಾದರೋ ನೂರಾರು ವರ್ಷ ನಿಂತು ಭೂಮಿಯನ್ನು ಕಾಯಿಸುತ್ತದೆ. ಇದು ಸಾಲದ ಪತ್ರವನ್ನು ಮಾಡಿನ ಸಂದಿಯಲ್ಲಿ ಮುಚ್ಚಿಟ್ಟ ಹಾಗೆ. ಪತ್ರ ಕಾಣಲಿಲ್ಲವೆಂದರೆ ಬಡ್ಡಿ ಬೆಳೆಯುವುದು ನಿಲ್ಲುವುದಿಲ್ಲ.

ಈಗ ಎಲ್ಲಕ್ಕಿಂತ ಹತ್ತಿರದ ಮಾತಿಗೆ ಬರೋಣ. ಮೋಡದ ಹತ್ತಿರ ಹೋಗುವ ಮೊದಲೇ ಹೊಗೆ ನಮ್ಮ ಮೂಗಿಗೆ ಬರುತ್ತದೆ. ಡಿಸೆಂಬರ್, ಜನವರಿ ತಿಂಗಳ ಸಂಜೆ ನೆಲದ ಹತ್ತಿರದ ಗಾಳಿ ತಣ್ಣಗಾಗುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂಡುತ್ತದೆ. ಆಗ ಹೊಗೆ ಮೇಲೇರದೆ ಊರ ಮೇಲೆಯೇ ಹಾಸಿಕೊಳ್ಳುತ್ತದೆ. ಹೊಲದ ಬೆಂಕಿ, ಇಟ್ಟಂಗಿ ಭಟ್ಟಿ, ಕಸದ ರಾಶಿ, ಪಟ್ಟಣದ ವಾಹನ, ಅಡಿಗೆಯ ಒಲೆ, ಎಲ್ಲದರ ಹೊಗೆಯೂ ಅಲ್ಲೇ ಬೆರೆಯುತ್ತದೆ.

ಆ ಹೊಗೆಯಲ್ಲಿ ತಲೆಗೂದಲಿನ ದಪ್ಪದ ಇಪ್ಪತ್ತೈದರಲ್ಲಿ ಒಂದು ಪಾಲಿಗಿಂತ ಸಣ್ಣ ಕಣಗಳಿವೆ. ದಪ್ಪ ಧೂಳನ್ನು ಮೂಗಿನ ಕೂದಲು, ಗಂಟಲಿನ ಕಫ ಹಿಡಿಯುತ್ತವೆ. ಇವು ಅವಕ್ಕೆ ಸಿಗದೆ ನೇರವಾಗಿ ಪುಪ್ಪುಸದ ತಳಕ್ಕೆ ಇಳಿಯುತ್ತವೆ, ಕೆಲವು ರಕ್ತಕ್ಕೂ ಸೇರುತ್ತವೆ. ದಮ್ಮು, ಕೆಮ್ಮು, ಮಕ್ಕಳ ನ್ಯುಮೋನಿಯಾ, ಹೃದಯದ ಬೇನೆ, ಇವೆಲ್ಲಕ್ಕೂ ಅದು ಕಾರಣವಾಗುತ್ತದೆ. ಇಂಥ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ ವರ್ಷದ ಸರಾಸರಿ 40 ಮೈಕ್ರೊಗ್ರಾಂ ಮೀರಬಾರದೆಂದು ನಮ್ಮ ದೇಶದ ನಿಯಮವಿದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ಕೇವಲ 5. ಕಿಟಕಿಯಿಲ್ಲದ ಅಡಿಗೆ ಮನೆಯಲ್ಲಿ ಹಸಿ ಕಟ್ಟಿಗೆ ಉರಿಸುವಾಗ ಇದು ನೂರಾರು ಪಟ್ಟು ಏರುತ್ತದೆ. ಅದರ ಮುಂದೆ ಕೂಡುವವರು ಮನೆಯ ಹೆಣ್ಣುಮಕ್ಕಳು, ಅವರ ಮಡಿಲಿನ ಕೂಸುಗಳು.

ಹಾಗಾದರೆ ನಾವು ಮಾಡಬಹುದಾದುದೇನು?

ಮೊದಲನೆಯದು, ಕಬ್ಬಿನ ರವದಿ. ಕಬ್ಬು ಕಡಿದ ಮೇಲೆ ಎಕರೆಗೆ ಮೂರು ನಾಲ್ಕು ಟನ್ನು ರವದಿ ಉಳಿಯುತ್ತದೆ. ಕಡ್ಡಿ ಗೀರಿದರೆ ಅರ್ಧ ತಾಸಿನ ಕೆಲಸ, ನಿಜ. ಆದರೆ ಅದರಲ್ಲಿದ್ದ ಸಾರಜನಕ ಹೊಗೆಯಾಗಿ ಹೋಗುತ್ತದೆ, ಮೇಲ್ಮಣ್ಣಿನ ಜೀವಾಣುಗಳೂ ಸುಡುತ್ತವೆ. ಕೊಂಡ ಯೂರಿಯಾಕ್ಕೆ ರೊಕ್ಕ ಕೊಟ್ಟು, ಹೊಲದಲ್ಲಿ ಪುಕ್ಕಟೆ ಇದ್ದುದನ್ನು ಸುಟ್ಟಂತಾಯಿತು. ಇದರ ಬದಲು ಕುಳೆ ಕಬ್ಬಿನಲ್ಲಿ ರವದಿಯನ್ನು ಸಾಲು ಬಿಟ್ಟು ಸಾಲಿಗೆ ಹಾಸಿರಿ. ಒಂದು ಟನ್ನಿಗೆ 8 ಕಿಲೋ ಯೂರಿಯಾ, 10 ಕಿಲೋ ಸೂಪರ್ ಫಾಸ್ಫೇಟ್, ಒಂದು ಕಿಲೋ ಕೊಳೆಸುವ ಜೀವಾಣುವನ್ನು ಸೆಗಣಿ ರಾಡಿಯಲ್ಲಿ ಕಲಸಿ ಚೆಲ್ಲಿ ನೀರು ಹಾಯಿಸಿರಿ. ಹಸಿ ನಿಲ್ಲುತ್ತದೆ, ಕಸ ಏಳುವುದಿಲ್ಲ, ಮುಂದೆ ಅದೇ ಗೊಬ್ಬರ. ರವದಿ ತುಂಡರಿಸುವ ಯಂತ್ರವನ್ನು ನಾಲ್ಕಾರು ಮಂದಿ ಕೂಡಿ ಬಾಡಿಗೆಗೆ ತರಿಸಿದರೆ ಕೆಲಸ ಇನ್ನೂ ಹಗುರ.

ಎರಡನೆಯದು, ಒಲೆ. ಗ್ಯಾಸು ಇದ್ದವರು ಅದನ್ನು ಹಬ್ಬಕ್ಕೆಂದು ಮೀಸಲಿಡದೆ ದಿನಾಲೂ ಬಳಸಿರಿ. ಕಟ್ಟಿಗೆ, ಕುಳ್ಳು ಉರಿಸುವುದು ತಪ್ಪದಿದ್ದರೆ ಒಣಗಿದ್ದನ್ನೇ ಉರಿಸಿರಿ, ಒಲೆಗೆ ಹೊಗೆಕೊಳವೆ ಹಾಕಿಸಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಳ್ಳಿಗಳಿಗೆಂದೇ ರೂಪಿಸಿದ ‘ಅಸ್ತ್ರ ಒಲೆ’ ಇಂಥದೇ. ಅದರಲ್ಲಿ ಹೊಗೆ ಹೊರಗೆ ಹೋಗುತ್ತದೆ, ಕಟ್ಟಿಗೆಯೂ ಉಳಿಯುತ್ತದೆ.

ಮೂರನೆಯದು, ಪ್ಲಾಸ್ಟಿಕ್, ಹಳೆಯ ಟೈರು, ಔಷಧಿಯ ಡಬ್ಬಿಗಳನ್ನು ಎಂದೂ ಸುಡಬೇಡಿರಿ. ಚಳಿ ಕಾಯಿಸುವ ಬೆಂಕಿಗೂ ಅವನ್ನು ಹಾಕಬೇಡಿರಿ.

ಬಂಧುಗಳೆ, ಜನವರಿಯಲ್ಲಿ ಸುಟ್ಟ ರವದಿಯ ಹೊಗೆ ಜೂನ್ ಮಳೆಯನ್ನು ನಿಲ್ಲಿಸಿತೆಂದು ನಾನು ಹೇಳುವುದಿಲ್ಲ. ಅಷ್ಟು ದಿನ ಅದು ಗಾಳಿಯಲ್ಲಿರುವುದೇ ಇಲ್ಲ. ಆದರೆ ಅದೇ ಸಂಜೆ ಅದು ನಿಮ್ಮ ಮನೆಯ ಮಗುವಿನ ಎದೆಗೆ ಇಳಿದಿರುತ್ತದೆ. ಮಳೆಗೆ ಬೇಕಾದ ಕಣವನ್ನು ಸಮುದ್ರ ಕೊಡುತ್ತದೆ, ನೆಲ ಕೊಡುತ್ತದೆ. ನಾವು ಅದಕ್ಕೆ ಹೊಗೆ ಕೂಡಿಸಬೇಕಾದ್ದಿಲ್ಲ. ಈ ಸಲ ಕಬ್ಬು ಕಡಿದ ಮೇಲೆ ಕಡ್ಡಿಪೆಟ್ಟಿಗೆಗೆ ಕೈ ಹಾಕುವ ಮೊದಲು ಒಂದು ಗಳಿಗೆ ಯೋಚಿಸಿರಿ. ಎಲ್ಲ ಹೊಲದಲ್ಲೂ ಆಗದಿದ್ದರೆ ಮೊದಲು ಅರ್ಧ ಎಕರೆಯಲ್ಲಿ ರವದಿ ಹಾಸಿ ನೋಡಿರಿ. ಕುಳೆ ಕಬ್ಬು ಹೇಗೆ ಬಂತೆಂದು ನಿಮ್ಮ ಕಣ್ಣಾರೆ ಕಂಡು, ನೆರೆಯವರಿಗೂ ತೋರಿಸಿರಿ.