ಮುಪ್ಪು ಯಾವಾಗ ಶುರು?



ಮುಪ್ಪೆಂದರೆ ಅರವತ್ತು ದಾಟಿದ ಮೇಲೆ ಬರುವ ನೆಂಟ ಎಂದೇ ನಾವು ತಿಳಿದಿದ್ದೇವೆ. ನಾವು ನೆಲೆಸಿರುವ ಈ ನ್ಯೂಜಿಲೆಂಡಿನದೇ ಒಂದು ಅಧ್ಯಯನ ಬೇರೆ ಮಾತು ಹೇಳುತ್ತದೆ. 1972-73ರಲ್ಲಿ ಡನೀಡನ್ ನಗರದಲ್ಲಿ ಹುಟ್ಟಿದ 1,037 ಮಕ್ಕಳನ್ನು ಒಟಾಗೊ ವಿಶ್ವವಿದ್ಯಾಲಯದ ಸಂಶೋಧಕರು ಮೂರನೆಯ ವಯಸ್ಸಿನಿಂದ ಬಿಡದೆ ಪರೀಕ್ಷಿಸುತ್ತ ಬಂದಿದ್ದಾರೆ. ಪರದೇಶಕ್ಕೆ ಹೋದವರನ್ನೂ ಖರ್ಚು ಕೊಟ್ಟು ಕರೆಸುತ್ತಾರೆ. 45ರ ಪ್ರಾಯದಲ್ಲಿ, ಬದುಕಿದ್ದವರ ಪೈಕಿ ಶೇಕಡಾ 94 ಮಂದಿ ಬಂದರು!

ಕಂಡದ್ದೇನು? 38ರಲ್ಲೇ ಕೆಲವರ ದೇಹ ಓರಗೆಯವರಿಗಿಂತ ಬೇಗ ಮಾಗುತ್ತಿತ್ತು. 45ರಲ್ಲಿ ನಡಿಗೆ ನಿಧಾನವಾಗಿದ್ದವರ ಮಿದುಳಿನಲ್ಲೂ ಮುಪ್ಪಿನ ಗುರುತು ಹೆಚ್ಚಾಗಿತ್ತು.

ಆದರೆ ಅವರಲ್ಲಿ ಹೆಚ್ಚಿನವರು ಐರೋಪ್ಯ ಮೂಲದವರು. ನಮ್ಮ ಜನರ ವಿಷಯವೇನು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, 45 ತುಂಬಿದವರನ್ನು ಮತ್ತೆ ಮತ್ತೆ ಪರೀಕ್ಷಿಸುವ ಕೆಲಸ ಕೈಗೊಂಡಿದೆ.

ಊರು ಬಿಟ್ಟು ಬಂದ ನಾವು ಈ ಎರಡು ಲೆಕ್ಕಕ್ಕೂ ಹೊರಗೆ. ಇಂಥ ಅಧ್ಯಯನದ ಕರೆ ನಮ್ಮ ಮನೆಗೂ ಬಂದರೆ ಪುರುಸೊತ್ತಿಲ್ಲ ಎನ್ನದಿರೋಣ. ನಾಳೆ ನಮ್ಮ ಮಕ್ಕಳಿಗೆ ಔಷಧಿ ಕೊಡುವ ವೈದ್ಯರಿಗೆ ನಮ್ಮ ಮೈಯ ಚರಿತ್ರೆ ಬೇಕಾಗುತ್ತದೆ. ಅದನ್ನು ನಾವಲ್ಲದೆ ಬೇರೆ ಯಾರು ಬರೆಸಿಯಾರು?